ಗೊರಕೆ ಹೊಡೆಯೋರನ್ನಲ್ಲ, ಪಕ್ಕದಲ್ಲಿ ಮಲಗೋರನ್ನ ಕೇಳಿ

ನಮಸ್ಕಾರ ಎಲ್ರಿಗೂ. ಇವತ್ತು ಗೊರಕೆ ವಿಷಯ, ನಗ್ಬೇಡಿ. ಮದ್ವೆ ಛತ್ರದಲ್ಲಿ ಯಾರಾದ್ರೂ ಜೋರಾಗಿ ಗೊರಕೆ ಹೊಡೀತಿದ್ರೆ "ಪುಣ್ಯವಂತ, ಎಂಥಾ ನಿದ್ದೆ ನೋಡು" ಅಂತೀವಲ್ಲ, ನನಗಂತೂ ಅದನ್ನ ಕೇಳಿದ್ರೆ ಮೈಯೆಲ್ಲ ಉರಿಯುತ್ತೆ. ಬರೀ ಗೊರಕೆಯಾದ್ರೆ ಹೋಗ್ಲಿ ಬಿಡಿ, ನಡುವೆ ಇದ್ದಕ್ಕಿದ್ದಂಗೆ ಸೈಲೆಂಟ್ ಆಗಿ, ಆಮೇಲೆ ಉಸಿರು ಕಟ್ಟಿದೋರ ಥರ ಒದ್ದಾಡಿ ಮತ್ತೆ ಶುರುವಾಗುತ್ತಲ್ಲ, ಭಯ ಪಡ್ಬೇಕಾಗಿರೋದು ಆ ಸೈಲೆನ್ಸ್‌ಗೆ. ಅದೇ ಸ್ಲೀಪ್ ಆಪ್ನಿಯಾ ಇರ್ಬಹುದು. ನಿದ್ದೇಲಿ ಗಂಟಲು ಸಡಿಲ ಆಗಿ ಗಾಳಿ ದಾರಿ ಮುಚ್ಕೊಂಡು 10 ಸೆಕೆಂಡೋ ಇನ್ನೂ ಜಾಸ್ತಿನೋ ಉಸಿರು ನಿಲ್ಲುತ್ತೆ, ಆಕ್ಸಿಜನ್ ಇಳಿಯುತ್ತೆ, ಮೆದುಳು ಗಾಬರಿಯಾಗಿ ಎಬ್ಬಿಸುತ್ತೆ. ಗಂಟೆಗೆ 30 ಸಲ ಹಿಂಗಾದ್ರೆ ಡಾಕ್ಟ್ರು ಸಿವಿಯರ್ ಅಂತಾರೆ. ಮಲಗಿದ್ದೋರಿಗೆ ಬೆಳಿಗ್ಗೆ ಒಂದೂ ನೆನಪಿರಲ್ಲ!

ಅದಕ್ಕೇ ಡಾಕ್ಟ್ರ ಹತ್ರ ಹೆಂಡ್ತೀನ ಕರ್ಕೊಂಡೇ ಹೋಗಿ. "ಇವ್ಳು ಸುಮ್ನೆ ಹೇಳ್ತಾಳೆ ಸಾರ್" ಅನ್ನೋ ಯಜಮಾನ್ರೇ, ನಿದ್ದೆ ಮಾಡ್ತಿದ್ದೋರು ನೀವು, ನೋಡಿದ್ದು ಅವ್ರು. ಫೋನಲ್ಲಿ ವಿಡಿಯೋ ಇದ್ರೆ ಇನ್ನೂ ಒಳ್ಳೇದು.

ಹಗಲಿನ ಲಕ್ಷಣಗಳು ಮೋಸ ಮಾಡ್ತವೆ. ಎಂಟು ಗಂಟೆ ಮಲಗಿದ್ರೂ ಸುಸ್ತು, ಎದ್ದ ತಕ್ಷಣ ತಲೆನೋವು, ಬಾಯಿ ಒಣಗಿರೋದು, ಗಾಡಿ ಓಡಿಸ್ತಾ ತೂಕಡಿಕೆ. ರಾತ್ರಿ ಮತ್ತೆ ಮತ್ತೆ ಬಾತ್‌ರೂಮಿಗೆ ಏಳೋದನ್ನ ಶುಗರ್ರು, ಪ್ರಾಸ್ಟೇಟು ಅಂದ್ಕೋತೀವಿ, ಕೆಲವ್ರಿಗೆ ಕಾರಣ ಇದೇ. ಮೂರು ಥರ ಮಾತ್ರೆ ನುಂಗಿದ್ರೂ ಬಿಪಿ ಇಳೀತಿಲ್ವಾ, ಆಗ್ಲೂ ನಿದ್ದೆ ಬಗ್ಗೆ ಕೇಳಿ. ದಪ್ಪ ಇರೋರಿಗೆ, ಕುತ್ತಿಗೆ ದಪ್ಪ ಇರೋರಿಗೆ ರಿಸ್ಕ್ ಜಾಸ್ತಿ ಹೌದು, ಆದ್ರೆ ದವಡೆ ಚಿಕ್ಕದಿದ್ರೆ ಸಣ್ಣಗಿರೋರಿಗೂ ಬರುತ್ತೆ.

ಹೆಂಗಸರ ಕಥೆ ಇನ್ನೂ ಬೇಜಾರು. ಮುಟ್ಟು ನಿಂತ ಮೇಲೆ ಇದು ಜಾಸ್ತಿ ಆಗುತ್ತೆ, ಎಷ್ಟೋ ಜನಕ್ಕೆ ದೊಡ್ಡ ಗೊರಕೆ ಇರಲ್ಲ, ನಿದ್ದೆ ಬರಲ್ಲ, ಸುಸ್ತು, ಮನಸ್ಸು ಸರಿ ಇಲ್ಲ ಅಂತಾರೆ, "ವಯಸ್ಸಾಯ್ತಲ್ಲ" ಅಂತ ಮನೆಯವ್ರು ಮುಗಿಸ್ತಾರೆ. ಪಕ್ಕದಲ್ಲಿ ಗಂಡ ಗೊರಕೆ ಹೊಡೀತಿದ್ರೆ ಇವ್ರ ಉಸಿರು ನೋಡೋರ್ಯಾರು ಹೇಳಿ?

ಹಿಂದಿ ಸಿನಿಮಾ ಸಂಗೀತ ನಿರ್ದೇಶಕ ಬಪ್ಪಿ ಲಾಹಿರಿ 2022ರಲ್ಲಿ ತೀರ್ಕೊಂಡಾಗ ಡಾಕ್ಟ್ರು ಇದೇ ಕಾಯಿಲೆ ಹೆಸರು ಹೇಳಿದ್ರು, ಎರಡು ದಿನ ಎಲ್ರೂ ಗೂಗಲ್ ಮಾಡಿದ್ವಿ, ಮರೆತ್ವಿ.

ಮಲಗಿದ್ದಾಗ ಉಸಿರು, ಆಕ್ಸಿಜನ್ ನೋಡೋ ಸ್ಲೀಪ್ ಸ್ಟಡಿ ಅಂತ ಟೆಸ್ಟ್ ಇದೆ, ಈಗ ಎಷ್ಟೋ ಜನಕ್ಕೆ ಮನೇಲೇ ಆಗುತ್ತೆ. ಚಿಕಿತ್ಸೆಗೆ, ಮಾಸ್ಕ್ ಮೂಲಕ ಗಾಳಿ ಒತ್ತಿ ಗಂಟಲು ಮುಚ್ಕೊಳ್ದಂಗೆ ನೋಡ್ಕೊಳ್ಳೋ ಸೀಪ್ಯಾಪ್ (CPAP) ಮಷೀನ್ 1981ರಿಂದ ಇದೆ, ಮಾಸ್ಕ್ ನೋಡಿ ಹೆದರ್ಬೇಡಿ, ಮೊದ್ಲು ಕಿರಿಕಿರಿ ಆಗೋದು ನಿಜ. ಪಿಜಿಲಿ ಇರೋ ಹುಡುಗ್ರು ರೂಮ್‌ಮೇಟ್‌ನ ಕೇಳಿ, ಖಂಡಿತ ಹೇಳ್ತಾನೆ, ಬೈಕೊಂಡೇ ಹೇಳ್ತಾನೆ.