ನಾಟಿ ಪೈರಿನ ಹಳದಿ ದಿನಗಳು

ಕೇಳುಗರಿಗೆ ನಮಸ್ಕಾರ.

ಮಂಡ್ಯದ ಕಡೆ ನಾಟಿ ಹಾಕಿದ ಮೂರನೆಯ ದಿನ ಗದ್ದೆ ಹತ್ತಿರ ಹೋಗಿ ನೋಡಿ. ಒಟ್ಲಲ್ಲಿ, ಅಂದರೆ ಭತ್ತದ ಸಸಿಮಡಿಯಲ್ಲಿ, ಹಸಿರು ಹಸಿರಾಗಿ ನಿಂತಿದ್ದ ಪೈರು ಇಲ್ಲಿ ಹಳದಿ ತಿರುಗಿ, ತುದಿ ಬಾಡಿ, ನೀರಿನ ಮೇಲೆ ಸೋತು ಒರಗಿರುತ್ತದೆ. ಗೊತ್ತಿಲ್ಲದವರು ನೋಡಿದರೆ ನಾಟಿ ಹೋಯಿತು ಅಂದುಕೊಳ್ಳಬೇಕು. ರೈತ ಮಾತ್ರ ಬದುವಿನ ಮೇಲೆ ನಿಂತು, ನೀರು ಎಷ್ಟಿದೆ ಅಂತ ನೋಡಿಕೊಂಡು, ಸುಮ್ಮನೆ ಮನೆಗೆ ಹೋಗುತ್ತಾನೆ. ಕೀಳುವಾಗ ಹರಿದ ಬೇರು ಹೊಸ ಮಣ್ಣಿನಲ್ಲಿ ಮತ್ತೆ ಬಿಡಬೇಕು, ಅದಕ್ಕೆ ಒಂದು ವಾರ ಹತ್ತು ದಿನ ಹಿಡಿಯುತ್ತದೆ. ಬೇರು ಬಿಟ್ಟಿದೆಯೋ ಇಲ್ಲವೋ ಅಂತ ನಡುವೆ ಕಿತ್ತು ನೋಡಿದರೆ ಆ ಪೈರಿನ ಕತೆ ಅಲ್ಲಿಗೆ ಮುಗಿಯಿತು.

ಇವತ್ತಿನ ಮಾತು ಕ್ರೈಸ್ತ ಭಕ್ತಿಜೀವನದಲ್ಲಿ ಬರುವ ಈ ಹಳದಿ ದಿನಗಳ ಬಗ್ಗೆ.

ಮೂರು ದಿನದ ಧ್ಯಾನಕೂಟಕ್ಕೆ ಹೋಗಿ ಬರುವವರನ್ನು ಗಮನಿಸಿ. ಅಲ್ಲಿ ಹಾಡು, ಕಣ್ಣೀರು, ಪಾಪನಿವೇದನೆ, ಹಗುರಾದ ಎದೆ. ಭಾನುವಾರ ಸಂಜೆ ಬಸ್ಸು ಹತ್ತುವಾಗ ಇನ್ನು ಮೇಲೆ ನಾನೇ ಬೇರೆ ಅನ್ನುವ ಭಾವನೆ. ಎರಡನೆಯ ವಾರಕ್ಕೆ ಪ್ರಾರ್ಥನೆ ಒಣಗುತ್ತದೆ, ಬೈಬಲು ತೆರೆದರೆ ಆಕಳಿಕೆ, ಮಗನ ಮೇಲೆ ಅದೇ ಹಳೆಯ ಕೂಗಾಟ. ಅಲ್ಲಿ ಆದದ್ದೆಲ್ಲ ಬರೀ ಭ್ರಮೆ, ಇಲ್ಲವೇ ಇದು ನನ್ನಂಥವರ ಕೈಲಾಗುವುದಲ್ಲ ಅನ್ನಿಸುತ್ತದೆ. ಎರಡೂ ಅಲ್ಲ. ಪೈರು ಒಟ್ಲಿಂದ ಗದ್ದೆಗೆ ಬಂದಿದೆ, ಅಷ್ಟೇ.

ಮಾರ್ಕನ ಸುವಾರ್ತೆ 4ನೆಯ ಅಧ್ಯಾಯದಲ್ಲಿ, 26ರಿಂದ 29ನೆಯ ವಚನದವರೆಗೆ, ಒಂದು ಪುಟ್ಟ ಸಾಮತಿ, ಅಂದರೆ ದೃಷ್ಟಾಂತ ಕತೆ, ಇದೆ. ಉಳಿದ ಮೂರು ಸುವಾರ್ತೆಗಳಲ್ಲಿ ಇದು ಬರುವುದಿಲ್ಲ. ಬಿತ್ತಿದವನು ರಾತ್ರಿ ಮಲಗುತ್ತಾನೆ, ಹಗಲು ಏಳುತ್ತಾನೆ, ಬೀಜ ಅವನಿಗೆ ತಿಳಿಯದ ಹಾಗೆ ಬೆಳೆಯುತ್ತದೆ. ಮೊದಲು ಗರಿ, ಆಮೇಲೆ ತೆನೆ, ಆಮೇಲೆ ತೆನೆ ತುಂಬ ಕಾಳು. ಆ ರೈತ ಮಲಗಿದ್ದಕ್ಕೆ ಯೇಸು ಬೈಯಲಿಲ್ಲ ಅನ್ನುವುದನ್ನು ಗಮನಿಸಬೇಕು. ಹಾಗಂತ ಇದು ಸೋಮಾರಿಗಳಿಗೆ ಕೊಟ್ಟ ರಜೆಯೂ ಅಲ್ಲ. ಲೂಕನ 13ನೆಯ ಅಧ್ಯಾಯದಲ್ಲಿ ಮೂರು ವರ್ಷ ಹಣ್ಣು ಬಿಡದ ಅಂಜೂರದ ಮರಕ್ಕೆ ತೋಟದವನು ಇನ್ನೊಂದು ವರ್ಷ ವಾಯಿದೆ ಕೇಳುತ್ತಾನೆ. ಕೇಳಿ ಸುಮ್ಮನಿರುವುದಿಲ್ಲ, ಸುತ್ತ ಅಗೆದು ಗೊಬ್ಬರ ಹಾಕುತ್ತೇನೆ ಅನ್ನುತ್ತಾನೆ. ಅಗೆತ ನಮ್ಮದು, ಹಣ್ಣು ನಮ್ಮ ಕೈಯಲ್ಲಿಲ್ಲ.

ಪ್ರತಿ ಜೂನ್ 13ಕ್ಕೆ ಡೋರ್ನಹಳ್ಳಿಯ ಸಂತ ಅಂತೋಣಿಯವರ ಹಬ್ಬ. ಅದಕ್ಕೆ ಮುಂಚೆ ಒಂಬತ್ತು ದಿನದ ನೊವೇನ ಪ್ರಾರ್ಥನೆ. ಹರಕೆಗೆ ಒಂಬತ್ತು ದಿನ ಸರಿ. ಆದರೆ ಸ್ವಭಾವ ಬದಲಾಗುವುದಕ್ಕೂ ಅದೇ ಲೆಕ್ಕ ಹಿಡಿಯುತ್ತೇವಲ್ಲ, ತೊಡಕು ಅಲ್ಲಿದೆ. ಪೌಲ ತಾನು ಮನಪರಿವರ್ತನೆ ಆದ ಮೇಲೆ ಮೂರು ವರ್ಷಕ್ಕೆ ಜೆರುಸಲೇಮಿಗೆ ಹೋದದ್ದಾಗಿ ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಹೇಳುತ್ತಾನೆ. ಯೇಸುಸಭೆ ಕಟ್ಟಿದ ಸಂತ ಇಗ್ನೇಷಿಯಸ್ 1521ರಲ್ಲಿ ಸ್ಪೇನಿನ ಪಾಂಪ್ಲೋನಾದ ಕೋಟೆಯಲ್ಲಿ ಫಿರಂಗಿ ಗುಂಡಿಗೆ ಕಾಲು ಮುರಿದುಕೊಂಡ ಯೋಧ. ಆಮೇಲೆ ದೇವರ ಕಡೆ ತಿರುಗಿ, 1524ರಲ್ಲಿ ಬಾರ್ಸಿಲೋನಾದಲ್ಲಿ ಸಣ್ಣ ಹುಡುಗರ ಜೊತೆ ಕೂತು ಲ್ಯಾಟಿನ್ ವ್ಯಾಕರಣ ಶುರುಮಾಡಿದಾಗ ಮೂವತ್ತು ದಾಟಿತ್ತು. ಗುರುದೀಕ್ಷೆ ಆದದ್ದು 1537ರಲ್ಲಿ.

ಈಗ ಅಗೆತದ ವಿಚಾರ. ಇದೇ ಬುಧವಾರ ಬೂದಿ ಬುಧವಾರ. ಅಲ್ಲಿಂದ ಈಸ್ಟರಿನ ಹಿಂದಿನ ದಿನದವರೆಗೆ, ಆರು ಭಾನುವಾರ ಬಿಟ್ಟು, ತಪಸ್ಸುಕಾಲದ 40 ದಿನ. ಹೆಚ್ಚಿನವರು ಎಡವುವುದು ಮೊದಲ ವಾರದಲ್ಲೇ. ಬೆಳಗಿನ ನಾಲ್ಕು ಗಂಟೆಗೆ ಏಳುತ್ತೇನೆ, ಒಂದು ಗಂಟೆ ಪ್ರಾರ್ಥನೆ, ದಿನಕ್ಕೆ ಹತ್ತು ಅಧ್ಯಾಯ, ಕಾಫಿ ಬಿಟ್ಟೆ, ಕೋಪ ಬಿಟ್ಟೆ. ಐದನೆಯ ದಿನ ನಿದ್ದೆ ಕೆಟ್ಟು ತಲೆನೋವು, ಆರನೆಯ ದಿನ ಎಲ್ಲವೂ ಒಟ್ಟಿಗೆ ಬಿದ್ದುಹೋಗುತ್ತದೆ. ಎಳೆ ಪೈರಿಗೆ ಮೂಟೆಗಟ್ಟಲೆ ಯೂರಿಯಾ ಸುರಿದ ಹಾಗೆ.

ಹದಿನೈದು ನಿಮಿಷ ಸಾಕು. ಜಾಗ ಒಂದೇ, ಹೊತ್ತು ಒಂದೇ ಇರಲಿ. ಓದುವುದಕ್ಕೆ ದಿನಕ್ಕೆ ಒಂದು ಅಧ್ಯಾಯ, ಸೋಮವಾರದಿಂದ ಶುಕ್ರವಾರದವರೆಗೆ. ಹೊಸ ಒಡಂಬಡಿಕೆಯಲ್ಲಿ ಇರುವುದು 260 ಅಧ್ಯಾಯ, ವಾರಕ್ಕೆ ಐದರಂತೆ 52 ವಾರಕ್ಕೆ ಸರಿಯಾಗಿ ಮುಗಿಯುತ್ತದೆ. ತಪ್ಪಿದ್ದನ್ನು ಶನಿವಾರ ಓದಿ. ಎರಡು ದಿನಕ್ಕಿಂತ ಹೆಚ್ಚು ತಪ್ಪಿದರೆ ಸಾಲ ತೀರಿಸಲು ಹೋಗಬೇಡಿ, ಬಿಟ್ಟಲ್ಲಿಂದ ಮುಂದುವರಿಸಿ.

ರಾತ್ರಿ ಮಲಗುವ ಮುಂಚೆ ಆತ್ಮಪರೀಕ್ಷೆ. ಇಗ್ನೇಷಿಯಸ್ ಹೇಳಿಕೊಟ್ಟ ಕ್ರಮದಲ್ಲಿ ಐದು ಹೆಜ್ಜೆ: ದೇವರಿಗೆ ವಂದನೆ ಹೇಳುವುದು, ಬೆಳಕು ಕೊಡು ಅಂತ ಬೇಡುವುದು, ಎದ್ದಾಗಿನಿಂದ ಗಂಟೆ ಗಂಟೆಯಾಗಿ ದಿನವನ್ನು ನೋಡುವುದು, ಕ್ಷಮೆ ಕೇಳುವುದು, ನಾಳೆಗೆ ತಿದ್ದಿಕೊಳ್ಳಲು ನಿಶ್ಚಯಿಸುವುದು. ವಂದನೆ ಮೊದಲು ಬರುವುದು ಸುಮ್ಮನೆ ಅಲ್ಲ. ಅದನ್ನು ಹಾರಿಸಿ ನೇರ ತಪ್ಪಿನ ಪಟ್ಟಿಗೆ ಇಳಿದವರಿಗೆ ವಾರದೊಳಗೆ ಆ ಹೊತ್ತು ಬಂದರೇ ಭಯವಾಗುತ್ತದೆ.

ಇನ್ನೊಂದು, ಒಂದು ಸಲಕ್ಕೆ ಒಂದೇ ತಪ್ಪು. ಕೋಪ ಬಿಡುತ್ತೇನೆ ಅನ್ನುವುದು ಕೈಗೆ ಸಿಗದ ಮಾತು. ಸಂಜೆ ಕೆಲಸದಿಂದ ಬಂದು ಚಪ್ಪಲಿ ಬಿಟ್ಟಾಗಿನಿಂದ ಮೊದಲ ಹತ್ತು ನಿಮಿಷ ದನಿ ಏರಿಸುವುದಿಲ್ಲ, ಇದು ಸಿಗುತ್ತದೆ. ತಪ್ಪಿದ ದಿನ ಗೋಡೆಯ ಕ್ಯಾಲೆಂಡರಿನಲ್ಲಿ ಆ ತಾರೀಖಿನ ಮನೆಯೊಳಗೆ ಪೆನ್ಸಿಲಿನಲ್ಲಿ ಒಂದು ಗೆರೆ. ಬೇರೆಯವರಿಗೆ ಹಾಲಿನ ಲೆಕ್ಕದ ಹಾಗೆ ಕಂಡರೆ ಕಾಣಲಿ. ಮೊದಲೆರಡು ವಾರ ಗೆರೆ ಹೆಚ್ಚಬಹುದು. ಕೆಟ್ಟುಹೋದಿರಿ ಅಂತಲ್ಲ, ಮುಂಚೆ ಕಾಣದ್ದು ಈಗ ಕಾಣುತ್ತಿದೆ. ದಿನ ದಿನಕ್ಕೆ ಹೋಲಿಸಿ ಕೊರಗುವ ಬದಲು ವಾರಕ್ಕೆ ವಾರ ಹೋಲಿಸಿ. ಗೆರೆ ಕಡಿಮೆಯಾಗುವುದಕ್ಕೂ ಮುಂಚೆ ಬೇರೊಂದು ಬದಲಾಗುತ್ತದೆ. ಜಗಳ ಆಗಿ ನಾಲ್ಕು ದಿನಕ್ಕೆ ಬರುತ್ತಿದ್ದ ತಪ್ಪಾಯ್ತು ಅನ್ನುವ ಮಾತು ಅದೇ ರಾತ್ರಿ ಊಟಕ್ಕೆ ಮುಂಚೆ ಬರತೊಡಗುತ್ತದೆ. ಗರಿ ಹಸಿರಾಗುವುದು ಇಲ್ಲಿಂದ.

ಒಣಗಿದ ದಿನಗಳಲ್ಲಿ ಏನು ಮಾಡಬೇಕು? ಇಗ್ನೇಷಿಯಸ್‌ನ ನಿಯಮ ನೇರವಾಗಿದೆ: ಮನಸ್ಸು ಕತ್ತಲಾದಾಗ ಹಿಂದೆ ಮಾಡಿದ ನಿಶ್ಚಯ ಬದಲಿಸಬೇಡ. ಹದಿನೈದು ನಿಮಿಷ ಅಂದುಕೊಂಡಿದ್ದು ಹತ್ತಕ್ಕೆ ಇಳಿಸುವ ಆಸೆ ಬಂದಾಗ ಹದಿನಾರು ಕೂರಬೇಕು. ಸಭೆ ಬದಲಿಸುವುದು, ಪ್ರಾರ್ಥನೆಯ ಗುಂಪು ಬಿಡುವುದು, ಇಂಥ ದೊಡ್ಡ ತೀರ್ಮಾನಗಳು ಮನಸ್ಸು ತಿಳಿಯಾಗುವವರೆಗೆ ಕಾಯಲಿ.

ಒಂಟಿಯಾಗಿ ನಡೆಯುವುದು ಕಷ್ಟ. ಮೈಸೂರಿನಲ್ಲಿ ವೆಸ್ಲಿ ಹೆಸರಿನ ದೇವಾಲಯವನ್ನು ನೋಡಿರುತ್ತೀರಿ. ಮೆಥಡಿಸ್ಟ್ ಪಂಥದ ಮೂಲಪುರುಷನಾದ ಆ ಜಾನ್ ವೆಸ್ಲಿ 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ಊರಿನಲ್ಲಿ ಪ್ರಾರ್ಥನಾ ಮಂದಿರದ ಸಾಲ ತೀರಿಸಲು ಸಭೆಯನ್ನು ಹನ್ನೆರಡು ಹನ್ನೆರಡು ಜನರ ಗುಂಪಾಗಿ ಹಂಚಿದ, ತಲೆಗೆ ವಾರಕ್ಕೆ ಒಂದು ಪೆನ್ನಿ. ವಸೂಲಿಗೆ ಮನೆಮನೆಗೆ ಹೋದವರಿಗೆ ಯಾರು ಹೇಗೆ ಬದುಕುತ್ತಿದ್ದಾರೆ ಅನ್ನುವುದು ಕಂಡಿತು. ಅದೇ ಗುಂಪುಗಳು ವಾರವಾರ ಕೂಡಿ, ನಿನ್ನ ಆತ್ಮ ಹೇಗಿದೆ ಅಂತ ಒಬ್ಬರನ್ನೊಬ್ಬರು ವಿಚಾರಿಸುವ ಕೂಟಗಳಾದವು. ಹನ್ನೆರಡು ಜನ ಸಿಗದಿದ್ದರೆ ಒಬ್ಬರಾದರೂ ಇರಲಿ.

ಒಂದು ಎಚ್ಚರ. ತಾಳಿದವನು ಬಾಳಿಯಾನು ಅನ್ನುವ ಗಾದೆಯನ್ನು ಮನೆಯಲ್ಲಿ ಹೊಡೆತ ತಿನ್ನುವ ಹೆಣ್ಣುಮಗಳಿಗೆ ಉಪದೇಶ ಮಾಡಬೇಡಿ. ಪೌಲ ಹೇಳುವ ದೀರ್ಘಶಾಂತಿಗೆ ಗ್ರೀಕ್ ಮೂಲದಲ್ಲಿರುವ ಪದ ಬೇಗ ಸಿಟ್ಟಿಗೇಳದ ಗುಣವನ್ನು ಸೂಚಿಸುತ್ತದೆ, ಅನ್ಯಾಯಕ್ಕೆ ಬೆನ್ನೊಡ್ಡುವುದನ್ನಲ್ಲ. ಹಾಗೆಯೇ ವಾರಗಟ್ಟಲೆ ನಿದ್ದೆ ಊಟ ಬಿಟ್ಟುಹೋಗಿ ಬದುಕೇ ಬೇಡವೆನಿಸಿದರೆ ಅದನ್ನು ಭಕ್ತಿಯ ಬರ ಅಂತ ಕಾಯುತ್ತ ಕೂರದೆ ವೈದ್ಯರನ್ನು ನೋಡಿ. ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416.

ಬುಧವಾರ ಮಾರ್ಕನ ಮೊದಲ ಅಧ್ಯಾಯದಿಂದ ಶುರುಮಾಡಿ. ಅದರ 16 ಅಧ್ಯಾಯ ಮುಗಿದ ಮೇಲೆ ಲೂಕ. ವಾರಕ್ಕೆ ಐದರ ಲೆಕ್ಕದಲ್ಲಿ ಶುಭ ಶುಕ್ರವಾರಕ್ಕೆ ಲೂಕನ 17ನೆಯ ಅಧ್ಯಾಯ ಮುಗಿಯುತ್ತದೆ. ಈಸ್ಟರ್ ಹಬ್ಬದ ಊಟ, ನೆಂಟರು, ಗದ್ದಲ ಎಲ್ಲ ಮುಗಿದು, ಬಹಳ ಮಂದಿ ಬೈಬಲನ್ನು ಮತ್ತೆ ಬೀರುವಿಗೆ ಸೇರಿಸುವ ಸೋಮವಾರ ಬರುತ್ತದೆ. ಅವತ್ತಿನ ಓದು ಲೂಕ 18. ಅನ್ಯಾಯಗಾರ ನ್ಯಾಯಾಧಿಪತಿಯ ಬಾಗಿಲಿಗೆ ಬಿಡದೆ ಅಲೆದ ಆ ವಿಧವೆಯ ಅಧ್ಯಾಯ.

ನಮಸ್ಕಾರ.