ಪುರದವರು ಕೇಳಿದ್ದು ನೀರು

ನಮಸ್ಕಾರ ಕೇಳುಗರೆ. ಹೊಸದಾಗಿ ಏನಾದ್ರೂ ತಯಾರು ಮಾಡಿ ಮಾರ್ಬೇಕು ಅಂತ ಹೊರಟಿರೋ ಹುಡುಗ್ರು ಬಂದಾಗೆಲ್ಲ ಮೊದ್ಲು ತೋರ್ಸೋದು ಸ್ಯಾಂಪಲ್ಲು, ಇದು ಯಾರ ಯಾವ ಕಷ್ಟಕ್ಕಪ್ಪ ಅಂತ ಕೇಳಿದ್ರೆ ಸುಮ್ಮನಾಗ್ಬಿಡ್ತಾರೆ. ಅವ್ರಿಗೆಲ್ಲ ನಾನು ಪುರದ ವಿಷ್ಯ ಹೇಳ್ತೀನಿ.

ಪುರ ಅಂದ್ರೆ ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಸಣ್ಣ ಹಳ್ಳಿ, 1977ರಲ್ಲಿ 56 ಮನೆ, 357 ಜನ. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ, ಅಂದ್ರೆ ಭಾರತೀಯ ವಿಜ್ಞಾನ ಸಂಸ್ಥೇಲಿ, 1974ರಲ್ಲಿ ಎ.ಕೆ.ಎನ್. ರೆಡ್ಡಿಯವರು ಮುಂದೆ ನಿಂತು 'ಅಸ್ತ್ರ' ಅಂತ ಒಂದು ಗುಂಪು ಕಟ್ಟಿದ್ರು, ಓದಿದ ವಿಜ್ಞಾನ ಹಳ್ಳಿಗೆ ಉಪಯೋಗಕ್ಕೆ ಬರ್ಬೇಕು ಅಂತ. ಅವ್ರೇನು ಎಸಿ ರೂಮಲ್ಲಿ ಕೂತು ಯೋಚ್ನೆ ಮಾಡಿದವ್ರಲ್ಲ, ಊರಿಗೇ ಬಂದು ಯಾವ್ಯಾವ ಕೆಲ್ಸಕ್ಕೆ ಎಷ್ಟು ಶಕ್ತಿ ಖರ್ಚಾಗುತ್ತೆ ಅಂತ ಲೆಕ್ಕ ಹಾಕಿದ್ರು. ಅದ್ರಲ್ಲಿ ಸೌದೆ ಪಾಲೇ ನೂರಕ್ಕೆ 80ರ ಮೇಲೆ ಬಂತು, ಬಹುಪಾಲು ಒಲೆಗೆ. ಇನ್ನೇನು, ಊರಿಗೆಲ್ಲ ಸೇರಿ ಗೋಬರ್ ಗ್ಯಾಸ್ ಕಟ್ಟಿ ಅಡುಗೆಗೆ ಕೊಡೋಣ ಅಂದ್ರು. ಆ ಲೆಕ್ಕ ನೋಡಿದ್ರೆ ನಾನಾದ್ರೂ ಅದನ್ನೇ ಹೇಳ್ತಿದ್ದೆ.

ಆದ್ರೆ ಅದು ನಡೀಲಿಲ್ಲ. ಒಂದು, ಎಲ್ಲರ ಒಲೆಗೂ ಆಗೋಷ್ಟು ಗ್ಯಾಸ್ ಬರ್ಲಿಲ್ಲ. ಇನ್ನೊಂದು ನೋಡಿ, ಸೌದೆಗೆ ಯಾರೂ ಕೈಯಿಂದ ದುಡ್ಡು ಹಾಕ್ತಿರ್ಲಿಲ್ಲ, ಬೇಲಿ ಬದುವಲ್ಲಿ ಪುಳ್ಳೆ ಆಯ್ಕೊಂಡು ಬರೋದು. ಊರವ್ರಿಗೆ ಮೊದ್ಲು ಬೇಕಿದ್ದಿದ್ದು ಕುಡಿಯೋಕೆ ಒಳ್ಳೆ ನೀರು, ಆಮೇಲೆ ಲೈಟು.

ಅಸ್ತ್ರದವ್ರ ಬಗ್ಗೆ ನನಗೆ ಗೌರವ ಜಾಸ್ತಿ ಆಗೋದೇ ಇಲ್ಲಿ. ಜನಕ್ಕೆ ತಿಳುವಳಿಕೆ ಇಲ್ಲ ಅಂತ ಬೈಕೊಂಡು ಹೋಗ್ಲಿಲ್ಲ, ಅದೇ ಗ್ಯಾಸನ್ನ ಡೀಸೆಲ್ ಎಂಜಿನ್‌ಗೆ ಕೊಟ್ಟು ಕರೆಂಟ್ ತೆಗೆದು 1987ರಿಂದ ಬೋರ್‌ವೆಲ್ ನೀರು ಎತ್ತಿದ್ರು, ಮನೆಗಳಿಗೆ ದೀಪ ಹಾಕಿದ್ರು. ಆಗ ಸಗಣಿ ಬರೋಕೆ ಶುರುವಾಯ್ತು! ಹೆಂಗಸ್ರು ಮಕ್ಕಳು ಬುಟ್ಟೀಲಿ ಹೊತ್ತು ತರೋರು, ಅಲ್ಲೇ ತೂಕ ಹಾಕೋರು, ತಂದವ್ರಿಗೆ ಕೆ.ಜಿ.ಗೆ 2 ಪೈಸೆ, ಗ್ಯಾಸ್ ಬಿಟ್ಟ ಮೇಲೆ ಉಳಿದ ಬಗ್ಗಡ ವಾಪಸ್ ಅವ್ರದ್ದೇ, ಹೊಲಕ್ಕೆ ಗೊಬ್ಬರ ಅದು, ಬಿಡೋಕಾಗುತ್ತಾ.

ಗ್ಯಾಸ್ ಬೇಕಾ ಅಂತ ಕೇಳಿದ್ರೆ ಯಾರು ತಾನೆ ಬೇಡ ಅಂತಾರೆ ಹೇಳಿ, ಮನೆ ಬಾಗ್ಲಿಗೆ ಬಂದವ್ರಿಗೆ ಇಲ್ಲ ಅನ್ನೋ ಅಭ್ಯಾಸ ನಮ್ಮ ಜನಕ್ಕಿಲ್ಲ. ಅದಕ್ಕೇ ನಾನು ಹುಡುಗ್ರಿಗೆ, ಸ್ಯಾಂಪಲ್ ಬ್ಯಾಗಲ್ಲೇ ಇರ್ಲಿ, ಜಗುಲಿ ಮೇಲೆ ಕೂತ್ಕೊಂಡು "ಅಮ್ಮಾ, ನಿನ್ನೆ ಬೆಳಗ್ಗೆ ಎದ್ದಾಗಿಂದ ಏನೇನ್ ಮಾಡಿದ್ರಿ" ಅಂತ ಕೇಳಿ ಅಂತೀನಿ. ಮಧ್ಯ ಬಾಯಿ ಹಾಕ್ಬೇಡಿ. ಎಲ್ಲಿ ಅವ್ರು ಉಸ್ಸಪ್ಪ ಅಂತಾರೋ ಅಲ್ಲಿ ಇನ್ನೊಂದು ಪ್ರಶ್ನೆ ಕೇಳಿ, ಇದಕ್ಕೆ ಇಲ್ಲೀವರ್ಗೂ ನೀವೇ ಏನ್ ಉಪಾಯ ಮಾಡ್ಕೊಂಡಿದೀರಿ ಅಂತ. ಹೋದ ವಾರ ಇಬ್ರು ಹಾಗೇ ಹೋಗಿ ಬಂದ್ರು, ಬ್ಯಾಗ್ ಜಿಪ್ ತೆಗೀಲೇ ಇಲ್ಲ ಸರ್ ಅಂದ್ರು, ನೋಟ್‌ಬುಕ್ ಮಾತ್ರ ನಾಲ್ಕು ಪುಟ ತುಂಬಿತ್ತು.