ಸೊನ್ನೆ, ಮೂರು, ಐದು

ಕೇಳುಗರಿಗೆ ನಮಸ್ಕಾರ.

ಸೊನ್ನೆ, ಮೂರು, ಐದು. ಸೊನ್ನೆ, ಮೂರು, ಆರು, ಐದು. ಸೊನ್ನೆ, ಮೂರು, ಐದು, ಮೂರು, ಸೊನ್ನೆ. ಇದು ಯಾರದೋ ಫೋನ್ ನಂಬರ್ ಅಲ್ಲ. ಬ್ರಿಟನ್ನಿನ ರಾಕ್ ಸಂಗೀತ ತಂಡ ಡೀಪ್ ಪರ್ಪಲ್‌ನ 'ಸ್ಮೋಕ್ ಆನ್ ದ ವಾಟರ್' ಹಾಡಿನ ರಿಫ್. ರಿಫ್ ಅಂದರೆ ಹಾಡಿನಲ್ಲಿ ಮತ್ತೆ ಮತ್ತೆ ಬರುವ ಚಿಕ್ಕ ಸ್ವರಗಳ ತುಣುಕು. ಈ ಅಂಕಿಗಳು ಗಿಟಾರಿನ ಫ್ರೆಟ್‌ಗಳು, ಅಂದರೆ ಗಿಟಾರಿನ ಕತ್ತಿನ ಮೇಲೆ ತಂತಿ ಒತ್ತುವ ಮನೆಗಳು. ಸೊನ್ನೆ ಅಂದರೆ ತಂತಿಯನ್ನು ಒತ್ತದೆ ಸುಮ್ನೆ ಮೀಟುವುದು.

ಹಾಡಿನ ಕಥೆ ಹಲವರಿಗೆ ಗೊತ್ತು. 1971ರ ಡಿಸೆಂಬರ್‌ನಲ್ಲಿ ತಂಡ ರೆಕಾರ್ಡಿಂಗ್‌ಗೆ ಅಂತ ಸ್ವಿಟ್ಜರ್ಲೆಂಡಿನ ಮಾಂಟ್ರೋಗೆ ಹೋಗಿತ್ತು. ಅಲ್ಲಿನ ಕ್ಯಾಸಿನೋದಲ್ಲಿ ಅಮೆರಿಕದ ಸಂಗೀತಗಾರ ಫ್ರಾಂಕ್ ಜಪ್ಪಾ ಅವರ ಕಾರ್ಯಕ್ರಮ ನಡೆಯುವಾಗ ಯಾರೋ ಫ್ಲೇರ್ ಗನ್, ಅಂದರೆ ಬೆಂಕಿಯ ಸಂಕೇತ ಹಾರಿಸುವ ಪಿಸ್ತೂಲು, ಹಾರಿಸಿದರು. ಕಟ್ಟಡವೇ ಸುಟ್ಟುಹೋಯಿತು. ಹೊಗೆ ಪಕ್ಕದ ಸರೋವರದ ಮೇಲೆ ಹರಡಿತು. ಹಾಡಿಗೆ ಹೆಸರು ಬಂದದ್ದು ಹಾಗೆ.

ಈ ರಿಫ್ ನುಡಿಸುವುದು ತುಂಬಾ ಸುಲಭ ಅಂತ ಎಲ್ಲರೂ ಹೇಳುತ್ತಾರೆ. ನಾನೂ ನಂಬಿದೆ. ತಂತಿ ಮೀಟುವ ಚಿಕ್ಕ ಬಿಲ್ಲೆ, ಅಂದರೆ ಪಿಕ್, ಹಿಡಿದು, ದಪ್ಪ ತಂತಿಗಳ ಮೇಲೆ ಪವರ್ ಕಾರ್ಡ್, ಅಂದರೆ ಎರಡು ಸ್ವರಗಳ ಜೋಡಿ, ಒತ್ತಿ, ಒಂದೇ ಸಂಜೆಯಲ್ಲಿ ಕಲಿತೂಬಿಟ್ಟೆ. ಆಮೇಲೆ ಮೂಲ ಹಾಡು ಹಾಕಿ ಕೇಳಿದರೆ, ನನ್ನದು ಅದರ ದೂರದ ನೆಂಟನ ಹಾಗಿತ್ತು.

ಮೂಲ ಹಾಡಿನ ಗಿಟಾರ್ ವಾದಕ ರಿಚ್ಚಿ ಬ್ಲ್ಯಾಕ್‌ಮೋರ್ ಇಲ್ಲಿ ಪಿಕ್ ಬಳಸುವುದಿಲ್ಲ. ಮಧ್ಯದ ಎರಡು ತಂತಿಗಳನ್ನು, ಅಂದರೆ ಡಿ ಮತ್ತು ಜಿ ತಂತಿಗಳನ್ನು, ಬೆರಳುಗಳಿಂದ ಒಟ್ಟಿಗೆ ಮೀಟುತ್ತಾರೆ. ಪಿಕ್ ಒಂದು ತಂತಿ ದಾಟಿ ಇನ್ನೊಂದಕ್ಕೆ ಹೋಗುತ್ತದೆ. ಕಣ್ಣು ಮಿಟುಕಿಸುವಷ್ಟು ಅಂತರ ಕೂಡ ಇರುವುದಿಲ್ಲ, ಆದರೂ ಕಿವಿಗೆ ತಿಳಿಯುತ್ತದೆ. ಇನ್ನು ನನ್ನ ಮೊದಲ ಪವರ್ ಕಾರ್ಡ್‌ನಲ್ಲಿ ಜಿ ಸ್ವರ ತಗ್ಗಿನಲ್ಲಿ, ಡಿ ಸ್ವರ ಎತ್ತರದಲ್ಲಿ ಇತ್ತು. ಇಲ್ಲಿ ಡಿ ತಗ್ಗಿನಲ್ಲಿ, ಜಿ ಎತ್ತರದಲ್ಲಿ. ಸ್ವರಗಳು ಅವೇ, ಜಾಗ ಅದಲು ಬದಲು. ಅಷ್ಟಕ್ಕೇ ಹಾಡಿನ ಮುಖವೇ ಬೇರೆ!

ನನ್ನನ್ನು ಜಾಸ್ತಿ ಕಾಡಿದ್ದು ತಾಳ. ಒಂದು, ಎರಡು, ಮೂರು, ನಾಲ್ಕು ಅಂತ ಕಾಲಿನಿಂದ ನೆಲ ತಟ್ಟಿ ನೋಡಿ. ಮೊದಲ ಸೊನ್ನೆ, ಮೂರು, ಐದು ಸರಿಯಾಗಿ ಒಂದು, ಎರಡು, ಮೂರರ ಮೇಲೆ ಬೀಳುತ್ತವೆ. ಆದರೆ ಎರಡನೇ ತುಣುಕು ನಾಲ್ಕು ತಟ್ಟಿ ಕಾಲು ಮೇಲೆದ್ದಾಗ ಶುರುವಾಗುತ್ತದೆ. ಸೊನ್ನೆ, ಮೂರು, ಆರು, ಈ ಮೂರೂ ಬರುವುದು ಕಾಲು ಗಾಳಿಯಲ್ಲಿರುವಾಗಲೇ. ಐದಕ್ಕೆ ಬಂದಾಗ ಕೈಕಾಲು ಮತ್ತೆ ಒಂದಾಗುತ್ತವೆ. ನನ್ನ ಕಾಲು ಮಾತ್ರ ಪ್ರತಿ ಸಲವೂ ಕೈಯ ಹಿಂದೆ ಓಡುತ್ತಿತ್ತು. ತಾಳಕ್ಕೆ ಟಕಟಕ ಅನ್ನುವ ಯಂತ್ರ ಮೆಟ್ರೋನೋಮನ್ನು ನಿಮಿಷಕ್ಕೆ 60 ಬಡಿತಕ್ಕೆ ಇಳಿಸಿದೆ. ಹಾಡಿನ ನಿಜವಾದ ವೇಗ 110ಕ್ಕಿಂತ ಸ್ವಲ್ಪ ಜಾಸ್ತಿ. ಅಷ್ಟು ನಿಧಾನಕ್ಕೆ ನುಡಿಸುವುದು ಬೇಜಾರಿನ ಕೆಲಸ, ಸುಳ್ಳು ಹೇಳಲಾರೆ.

ಗಿಟಾರಿನ ಸದ್ದನ್ನು ಒರಟಾಗಿಸುವ ಡಿಸ್ಟಾರ್ಷನ್ ಕೂಡ ತೆಗೆದುಬಿಟ್ಟೆ. ಆ ಗರಗರ ಸದ್ದಿನಲ್ಲಿ ಸ್ವರ ಎಲ್ಲಿ ನಿಂತಿತು ಅಂತಲೇ ಗೊತ್ತಾಗುವುದಿಲ್ಲ. ಈ ರಿಫ್‌ನಲ್ಲಿ ಕೆಲವು ಸ್ವರಗಳು ತುಂಡಾಗಿ ನಿಲ್ಲಬೇಕು, ನಡುವೆ ಪೂರ್ತಿ ಮೌನ ಬೇಕು. ಒತ್ತಿದ ತಂತಿಯಾದರೆ ಬೆರಳು ಸಡಿಲಿಸಿದರೆ ಸಾಕು. ಒತ್ತದ ತಂತಿ ಸುಮ್ಮನಾಗುವುದಿಲ್ಲ, ಅದರ ಮೇಲೆ ಬೆರಳು ಮೆಲ್ಲಗೆ ಇಟ್ಟು ಬಾಯಿ ಮುಚ್ಚಿಸಬೇಕು. ಸೊನ್ನೆಯೇ ಕಷ್ಟ ಅಂತ ಯಾರೂ ಮೊದಲೇ ಹೇಳಿರಲಿಲ್ಲ, ನೋಡಿ.

ಒಂದು ಸಂಜೆಯ ಪಾಠಕ್ಕೆ ಮೂರು ತಿಂಗಳು ಹಿಡಿಯಿತು. ಈಗ ಮೂಲ ಹಾಡಿನ ಜೊತೆಗೇ ನುಡಿಸುತ್ತೇನೆ. ಶುರುವಿನಲ್ಲಿ ಗಿಟಾರ್ ಒಂದೇ ಇರುತ್ತದೆ, ಆಗ ಸ್ವಲ್ಪ ಭಯ. ಆಮೇಲೆ ಉಳಿದವರು ಒಬ್ಬೊಬ್ಬರಾಗಿ ಸೇರಿಕೊಳ್ಳುತ್ತಾರೆ. ಆರ್ಗನ್ ಕೂಡ ಅದೇ ರಿಫ್ ಹಿಡಿಯುತ್ತದೆ, ನನ್ನ ಸಣ್ಣಪುಟ್ಟ ತಪ್ಪು ಅದರಲ್ಲಿ ಮುಚ್ಚಿಹೋಗುತ್ತದೆ. ಬ್ಲ್ಯಾಕ್‌ಮೋರ್ ಅವರ ಸೋಲೋ, ಅಂದರೆ ಗಿಟಾರೇ ಮುಂದೆ ನಿಂತು ನುಡಿಯುವ ಭಾಗ, ಬಂದಾಗ ನನ್ನ ಗಿಟಾರಿನ ವಾಲ್ಯೂಮ್ ಇಳಿಸಿ, ಕೈ ಕಟ್ಟಿ ಕೂತು ಕೇಳುತ್ತೇನೆ. ಅದಕ್ಕೆ ಇನ್ನೊಂದು ವರ್ಷ ಬೇಕು.

ನಮಸ್ಕಾರ.